ಎರೆಮೀನು ಹಿಡಿಯುವವನು

ಬಕೆಟ್ಟಿನಲ್ಲಿದ್ದ ಒಂಬತ್ತು ಮೀನುಗಳಲ್ಲಿ ಒಂದೂ ಸತ್ತಿರಲಿಲ್ಲ. ಭಾನುವಾರ ಹಿಡಿದವು, ಇವತ್ತು ಗುರುವಾರ. ಅವು ಇನ್ನೂ ಬದುಕಿವೆಯೆಂಬುದೇ ಜುಂಜೇಶನಿಗೆ ಸಹಿಸಲಾಗುತ್ತಿರಲಿಲ್ಲ. ಆದರೂ ಬೆಳಿಗ್ಗೆ ಸಂಜೆ ಹಿತ್ತಲಿಗೆ ಬಂದು, ಹಳೆಯ ಪೇಂಟ್ ಬಕೆಟ್ಟಿನ ತೂತು ಕೊರೆದ ಮುಚ್ಚಳ ತೆಗೆದು, ಅರ್ಧ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಅಷ್ಟೇ ಹೊಸ ನೀರು ತುಂಬುತ್ತಿದ್ದವನೂ ಅವನೇ. ಗಾಳಿಗುಳ್ಳೆ ಬಿಡುವ ಪುಟ್ಟ ಮೋಟಾರಿನ ಬ್ಯಾಟರಿಯನ್ನು ನಿನ್ನೆ ತಾನೇ ಬದಲಿಸಿದ್ದ. ಬೆರಳುದ್ದದ ಪಕ್ಕೆ ಮೀನುಗಳು. ಬೆನ್ನು ಪಾಚಿಯ ಬಣ್ಣ, ಹೊಟ್ಟೆ ಬೆಳ್ಳಿ, ಬಾಲದ ಹತ್ತಿರ ಒಂದು ಕಪ್ಪು ಚುಕ್ಕೆ. ಎಲ್ಲವೂ ಒಂದೇ ಥರ. ಏಳು ಮೊದಲು ಹಿಡಿದವು, ಎರಡು ಆಮೇಲಿನವು. ಆ ಎರಡು ಯಾವುವು ಎಂದು ಅವನು ಕುಕ್ಕುರುಗಾಲಿನಲ್ಲಿ ಕೂತು ಹುಡುಕುತ್ತಿದ್ದ. ಒಂದು ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಕೆಳಗೆ ಹೋಯಿತು. ಅದಿರಬಹುದು ಅನ್ನಿಸಿತು. ಮರುಕ್ಷಣ ಇನ್ನೊಂದು ಹಾಗೆಯೇ ಮಾಡಿತು.

ಪಡಸಾಲೆಯಿಂದ ಮಾವನ ದನಿ ಹಿತ್ತಲವರೆಗೂ ಕೇಳುತ್ತಿತ್ತು. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಇಂಜಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗೊಲ್ಲರಪ್ಪನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಇವತ್ತು ಬಂದಿದ್ದವನು ಕಿಬ್ಬನಹಳ್ಳಿಯ ಕರಿಬಸವಯ್ಯ, ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಸುದ್ದಿ ತಿಳಿದು ನೋಡಿಕೊಂಡು ಹೋಗಲು ಎರಡು ಎಳನೀರು ಹಿಡಿದು ಬಂದಿದ್ದ. ತೆಂಗಿನ ತೋಟದ ನಡುವಿನ ಮನೆಗೆ ಎಳನೀರು ತಂದದ್ದಕ್ಕೆ ಮಾವ ಮೊದಲು ನಕ್ಕರು, ಕೆಮ್ಮಿದರು, ಆಮೇಲೆ ಭಾನುವಾರದ ಕತೆ ಶುರು ಮಾಡಿದರು. ಜುಂಜೇಶ ಅದನ್ನು ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ ಕೇಳುತ್ತಿದ್ದ.

"ಅಂಗಿ ಬಿಚ್ಚಲಿಲ್ಲ, ಮೊಬೈಲು ತೆಗೆದಿಡಲಿಲ್ಲ ಕಣಯ್ಯಾ. ನಾನು ಬಿದ್ದ ಸದ್ದು ಅಡಗೋಕ್ ಮುಂಚೆ ಅವ್ನು ನೀರಲ್ಲಿದ್ದ."

ಅಂಗಿ ಬಿಚ್ಚಿರಲಿಲ್ಲವೆನ್ನುವುದು ನಿಜ. ಮೊಬೈಲು ಹಾಳಾದದ್ದೂ ನಿಜ. ಅದನ್ನು ಹೆಂಡತಿ ಗಂಗಲಕ್ಷ್ಮಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದಳು, ಯಾರಾದರೂ ಬಂದರೆ ಮಾವ ಅದನ್ನೂ ತರಿಸಿ ತೋರಿಸುತ್ತಿದ್ದರು. ಮಗಳು ಧನುಶ್ರೀ ಶಾಲೆಯಲ್ಲಿ ಹೇಳಿದ್ದಳು, ಮೇಷ್ಟರು ಅವಳನ್ನು ಮುಂದೆ ನಿಲ್ಲಿಸಿ ಎಲ್ಲ ಮಕ್ಕಳಿಂದ ಚಪ್ಪಾಳೆ ಹೊಡೆಸಿದ್ದರಂತೆ. ಅವಳು ಮನೆಗೆ ಬಂದು ಅದನ್ನು ವರದಿ ಮಾಡುವಾಗ ಜುಂಜೇಶ ಊಟಕ್ಕೆ ಕೂತಿದ್ದ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದ. ಈಗ ಒಳಗಿಂದ ಕರೆ ಬಂತು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಹೋಗಿ ಕಂಬದ ಪಕ್ಕ ನಿಂತ. ಕರಿಬಸವಯ್ಯ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ, ಹೊಟ್ಟೆಯಲ್ಲಿ ಹುಟ್ಟಿದವರೂ ಹೀಗೆ ಮಾಡಲಾರರು ಎಂದ. ಮೀನಿನ ವಾಸನೆ ಅವನಿಗೆ ಹತ್ತುತ್ತದೆ, ಅವನು ಅದನ್ನು ಕಿಬ್ಬನಹಳ್ಳಿಗೆ ತಗೊಂಡು ಹೋಗುತ್ತಾನೆ ಎಂದಷ್ಟೇ ಜುಂಜೇಶನಿಗೆ ಹೊಳೆದದ್ದು. ಗೋಡೆಗೆ ಒರಗಿ ಕೂತಿದ್ದ ಮಾವನ ಕಡೆ ಅವನು ನೋಡಲಿಲ್ಲ. ಅವರು ನೋಡುತ್ತಿದ್ದರು, ಅದು ಕೆನ್ನೆಯ ಮೇಲೆ ಗೊತ್ತಾಗುತ್ತಿತ್ತು.

ಈ ಭಾನುವಾರಕ್ಕೆ ಮುಂಚೆ ಅವರು ಅವನನ್ನು ಪರಿಚಯ ಮಾಡಿಕೊಡುತ್ತಿದ್ದ ರೀತಿಯೇ ಬೇರೆ. ಹನ್ನೊಂದು ವರ್ಷದ ಹಿಂದೆ, ಹುಳಿಯಾರಿನ ಆಚೆಯ ಹಟ್ಟಿಯಲ್ಲಿ ಕುರಿ ಕಾಯ್ದುಕೊಂಡು, ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಕೂತಿದ್ದವನನ್ನು ಒಬ್ಬಳೇ ಮಗಳಿಗೆ ತಂದುಕೊಂಡು ಮನೆ ಅಳಿಯ ಮಾಡಿಕೊಂಡಿದ್ದರು. ತೋಟ ನೋಡಿಕೊಳ್ಳುವುದು, ಕಾಯಿ ಕೆಡವಿಸುವುದು, ಕೊಬ್ಬರಿಯನ್ನು ತಿಪಟೂರಿಗೆ ಸಾಗಿಸುವುದು ಅವನ ಕೆಲಸ. ಭಾನುವಾರದ ಕೆಲಸ ಮಾತ್ರ ಬೇರೆ. ಮದುವೆಯಾದ ವರ್ಷವೇ ರಿಟೈರ್ ಆದ ಗೊಲ್ಲರಪ್ಪ ತುಮಕೂರಿನಿಂದ ಎರಡು ಮೀನುಕೋಲು ತರಿಸಿದ್ದರು. ಒಂದು ದಪ್ಪ, ರೀಲಿನದು, ಕೊರವ ಹಿಡಿಯಲು. ಕೊರವ ಕೆರೆಯ ಜೊಂಡಿನೊಳಗೆ ಅಡಗಿ ಕೂರುವ ಮೀನು, ಜೀವಂತ ಸಣ್ಣ ಮೀನು ಎದುರಿಗೆ ಒದ್ದಾಡಿದರೆ ಮಾತ್ರ ಬಾಯಿ ತೆರೆಯುತ್ತದೆ. ಗಾಳಕ್ಕೆ ಸಿಕ್ಕಿಸುವ ಆ ಎರೆಮೀನನ್ನು ಹಿಡಿಯಲು ಇನ್ನೊಂದು ಕೋಲು. ಒಂದರೊಳಗೊಂದು ಮಡಚಿಕೊಳ್ಳುವ, ತುದಿ ಹುಲ್ಲುಕಡ್ಡಿಯಷ್ಟು ತೆಳ್ಳಗಿನದು. ಅದರ ದಾರಕ್ಕೆ ಗೇಣಿಗೊಂದರಂತೆ ಆರು ಗಾಳ, ಒಂದೊಂದೂ ಅಕ್ಕಿಕಾಳಿನಷ್ಟು, ಒಂದೊಂದಕ್ಕೂ ಮಿರುಗುವ ಎಳೆ ಕಟ್ಟಿದ್ದು, ಕೊನೆಯಲ್ಲಿ ಸೀಸದ ಗುಂಡು. ಹುಳ ಬೇಕಿಲ್ಲ. ಮೆಲ್ಲಗೆ ಎತ್ತಿ ಇಳಿಸಿದರೆ ಮಿರುಗುವ ಎಳೆಯನ್ನೇ ಪಕ್ಕೆಗಳು ನೀರುಹುಳವೆಂದುಕೊಂಡು ಕಚ್ಚುತ್ತವೆ. ಈ ಕೋಲು ಜುಂಜೇಶನದು. ದಪ್ಪ ಕೋಲನ್ನು ಅವನು ಒಂದೇ ಸಲ ಮುಟ್ಟಿದ್ದ, ನಾಲ್ಕನೆಯ ವರ್ಷದಲ್ಲಿ. ಕೊರವ ದಾರ ಕಿತ್ತುಕೊಂಡು ಹೋಗಿತ್ತು. ಅವತ್ತಿನಿಂದ ಟೀ ಅಂಗಡಿಯಲ್ಲಿ, ಕೊಬ್ಬರಿ ಮಂಡಿಯಲ್ಲಿ, ಹೊಸಬರು ಯಾರೇ ಸಿಕ್ಕರೂ ಮಾವ ಅವನ ಭುಜದ ಮೇಲೆ ಕೈಯಿಟ್ಟು, ನಮ್ಮ ಅಳಿಯ ಪಕ್ಕೆ ಹಿಡಿಯೋದ್ರಲ್ಲಿ ಎತ್ತಿದ ಕೈ ಎನ್ನುತ್ತಿದ್ದರು. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ, ಎಲ್ಲರಿಗಿಂತ ಮೊದಲೇ.

ನಿಜಕ್ಕೂ ಅವನ ಕೈ ಚೆನ್ನಾಗಿತ್ತು, ಅದೇ ಕಷ್ಟ. ಕೋಲಿನ ತುದಿ ಒಂದು ಸಲ ಮಿಡಿದರೆ ಎತ್ತಬಾರದು ಎಂದು ಅವನಿಗೆ ಗೊತ್ತಿತ್ತು. ಗುಂಪಿನಲ್ಲಿ ಒಂದು ಕಚ್ಚಿ ಒದ್ದಾಡಿದರೆ ಅದೇನೋ ತಿಂಡಿ ಸಿಕ್ಕಿದೆಯೆಂದು ಉಳಿದವೂ ಬರುತ್ತವೆ, ಎರಡು, ಮೂರು, ನಾಲ್ಕು. ಆಗ ಎತ್ತಬೇಕು. ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಳ್ಳಬೇಕು, ಒಣಗಿದ ಕೈಗೆ ಮೈಮೇಲಿನ ಹುರುಪೆ ಅಂಟಿ ಬಂದರೆ ಮೀನು ಸಂಜೆಯೊಳಗೆ ಸಾಯುತ್ತದೆ. ತುಟಿಯಿಂದ ಗಾಳವನ್ನು ಹೋದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆಯಬೇಕು. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಮೀನುಗಳನ್ನು ಹೀಗೆ ನೋವಾಗದಂತೆ ಬಿಡಿಸಿ, ಸಾಯಲೆಂದೇ ಮಾವನ ಕೈಗೆ ಕೊಟ್ಟಿದ್ದನೋ.

ಕರಿಬಸವಯ್ಯನನ್ನು ರಸ್ತೆಯವರೆಗೆ ಬಿಟ್ಟು ಹಿಂದಿರುಗುವಾಗ ಜುಂಜೇಶ ಮನೆಯೊಳಗೆ ಹೋಗದೆ ತೋಟದ ಬದಿಯಲ್ಲಿ ನಿಂತ. ಗರಿಗಳ ನಡುವಿನಿಂದ ಬಿಸಿಲು ತುಂಡುತುಂಡಾಗಿ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ಬಿಸಿಲು ಇನ್ನೂ ಏರಿರಲಿಲ್ಲ. ಹೇಮಾವತಿ ನಾಲೆಯ ನೀರು ಬಿಟ್ಟು ಕೆರೆ ತೂಬಿನ ಕಲ್ಲಿನವರೆಗೆ ತುಂಬಿತ್ತು. ಮಾವ ತೂಬಿನ ಪಕ್ಕದ ಚಪ್ಪಡಿಯ ಮೇಲೆ, ಅವನು ಅಲ್ಲಿಂದ ಹದಿನೈದು ಮಾರು ದೂರದಲ್ಲಿ. ಇಬ್ಬರು ಅಪರಿಚಿತರು ಏರಿಯ ಮೇಲೆ ಬೈಕು ನಿಲ್ಲಿಸಿ ಬಂದು ನೋಡುತ್ತಾ ನಿಂತಿದ್ದರು, ತುರುವೇಕೆರೆ ಕಡೆಯವರು. ಅವನು ಮೊದಲ ಮೀನನ್ನು ಒಯ್ದು ಕೊಟ್ಟ. ಮಾವ ಅದನ್ನು ತಿರುಗಿಸಿ ನೋಡಿ, ಮಗ್ಗುಲಲ್ಲಿ ಎರಡು ಹುರುಪೆ ಎದ್ದಿದೆಯೆಂದು ನೀರಿಗೆ ಎಸೆದರು. ಹನ್ನೊಂದು ವರ್ಷದಿಂದ ಕೈ ಒದ್ದೆ ಮಾಡಿಕೊಂಡು ಮುಟ್ಟು ಎಂದು ಹೇಳಿಕೊಟ್ಟರೂ ಬರಲಿಲ್ಲವಲ್ಲ, ಕುರಿ ಹಿಡಿದ ಕೈ ಎಷ್ಟು ತೊಳೆದರೂ ಅಷ್ಟೇ ಎಂದು ಆ ಇಬ್ಬರಿಗೆ ಹೇಳಿದರು. ಅವರು ನಗಲಿಲ್ಲ. ಒಬ್ಬ ಮುಜುಗರದಿಂದ ಬೇರೆ ಕಡೆ ನೋಡಿದ. ನಕ್ಕಿದ್ದರೆ ಜುಂಜೇಶ ತಾನೂ ನಕ್ಕುಬಿಡುತ್ತಿದ್ದ. ಆ ಮನುಷ್ಯ ಬೇರೆ ಕಡೆ ನೋಡಿದ್ದೇ ಅವನ ಎದೆಗೆ ನಾಟಿದ್ದು. ಅವರು ಹೋದರು. ಅವನು ತನ್ನ ಜಾಗಕ್ಕೆ ಬಂದು ಗಾಳ ಇಳಿಸಿದ. ಒಂದು ಸಲ ಎತ್ತಿದಾಗ ಮೂರು, ಇನ್ನೊಂದು ಸಲ ನಾಲ್ಕು. ಮೂರನೆಯ ಸಲ ಎತ್ತಿ ದಾರವನ್ನು ಎಡಗೈಯಲ್ಲಿ ಹಿಡಿದಿದ್ದ, ಎರಡು ಮೀನು ಮಿಡುಕುತ್ತಿದ್ದವು, ಬಲಗೈಯನ್ನು ನೀರಿಗೆ ಅದ್ದಿದ್ದ. ಆಗ ಸದ್ದಾಯಿತು.

ತಿರುಗಿ ನೋಡಿದ. ಚಪ್ಪಡಿಯ ಮೇಲೆ ಯಾರೂ ಇರಲಿಲ್ಲ. ನೀರಿನ ಮೇಲೆ ಮಾವನ ಟವೆಲ್ಲು ಹರಡಿಕೊಂಡು ತೇಲುತ್ತಿತ್ತು, ಅದರ ಆಚೆ ಒಂದು ಕೈ, ಒಂದು ಬೋಳುತಲೆ, ಮತ್ತೆ ಕೈ. ಎರಡು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಅವರ ಎಡಗಡೆ ಬಿಗಿಯಿರಲಿಲ್ಲ. ಜುಂಜೇಶ ಇದನ್ನೆಲ್ಲ ನೋಡಿದ, ಸ್ಪಷ್ಟವಾಗಿ. ಆಮೇಲೆ ಅವನು ಬಗ್ಗಿ, ಒದ್ದೆ ಕೈಯಿಂದ ಮೊದಲ ಮೀನನ್ನು ಹಿಡಿದು, ಗಾಳವನ್ನು ಹಿಂದಕ್ಕೆ ತಿರುಗಿಸಿ ತೆಗೆದು, ಬಕೆಟ್ಟಿಗೆ ಬಿಟ್ಟ. ಒಂದು ಹುರುಪೆಯೂ ಏಳಲಿಲ್ಲ. ಎರಡನೆಯದನ್ನೂ ಹಾಗೆಯೇ. ದಾರವನ್ನು ಕೋಲಿಗೆ ಸುತ್ತಿ ಕೆಳಗಿಟ್ಟ. ಆಮೇಲೆ ಓಡಿ ಹಾರಿದ.

ಎಷ್ಟು ಹೊತ್ತು? ಅದನ್ನು ಅಳೆಯಲು ಅವನ ಬಳಿ ಬೇರೆ ಅಳತೆಯಿರಲಿಲ್ಲ. ಎರಡು ಮೀನಿನಷ್ಟು ಹೊತ್ತು. ಸಾಯಲಿ ಎಂದು ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ ಒಳ್ಳೆಯದಿತ್ತು, ಸಿಟ್ಟಿನಲ್ಲಿ ಹಾಗನ್ನಿಸಿತು ಎಂದು ಯಾವ ದೇವರ ಮುಂದಾದರೂ ಹೇಳಿಕೊಳ್ಳಬಹುದಿತ್ತು. ಏನೂ ಅಂದುಕೊಂಡಿರಲಿಲ್ಲ. ತಲೆಯೊಳಗೆ ಮಧ್ಯಾಹ್ನದ ತೋಟದಂಥ ಒಂದು ಮೌನವಿತ್ತು, ಆ ಮೌನದಲ್ಲಿ ಕೈ ತನ್ನ ಕೆಲಸವನ್ನು ಎಂದಿಗಿಂತ ಚೆನ್ನಾಗಿ ಮಾಡಿತು. ನೀರಿನಿಂದ ಎಳೆದು ತಂದು ಏರಿಯ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತುವಾಗ ಮಾವನ ಬಾಯಿಂದ ಕೆರೆಯ ನೀರು ಬಂತು. ಕಣ್ಣು ತೆರೆದು ಅವನನ್ನು ನೋಡಿದರು. ಬೈಯಲಿಲ್ಲ. ಅವನ ಮಂಡಿಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. ಅವರು ಹಾಗೆ ತಟ್ಟಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ, ಧನುಶ್ರೀ ಜ್ವರದಲ್ಲಿ ಮಲಗಿದ್ದಾಗ ಬಿಟ್ಟು.

ಕರಿಬಸವಯ್ಯ ಬಂದುಹೋದ ಗುರುವಾರದ ಸಂಜೆ ಅವನು ಬಕೆಟ್ಟನ್ನು ಹೊತ್ತುಕೊಂಡು ಕೆರೆಗೆ ಹೋದ. ತೂಬಿನ ಕಡೆ ಹೋಗದೆ ಏರಿಯ ಈಚೆ ತುದಿಯಲ್ಲೇ ಇಳಿದು ಬಕೆಟ್ಟನ್ನು ನೀರಿನೊಳಗೆ ಒರಗಿಸಿದ. ಮೀನುಗಳು ಸ್ವಲ್ಪ ಹೊತ್ತು ಬಕೆಟ್ಟಿನ ಬಾಯಲ್ಲೇ ನಿಂತವು, ಆಮೇಲೆ ಒಂದರ ಹಿಂದೊಂದು ಹೊರಟುಹೋದವು. ಎಣಿಸಬಾರದೆಂದುಕೊಂಡೂ ಎಣಿಸಿದ. ಒಂಬತ್ತು. ಇನ್ನು ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಬರಿ ಬಕೆಟ್ಟು ಹಿಡಿದು ಬರುವಾಗ ಎದುರಾದ ನಜೀರ್ ಅಹಮದ್ ಬೈಕ್ ನಿಲ್ಲಿಸಿದ. ಕ್ರಾಸಿನಲ್ಲಿ ಮೋಟಾರ್ ರಿಪೇರಿ ಅಂಗಡಿಯಿಟ್ಟಿರುವ ಅವನು ಮಾವನ ಹಳೆಯ ಸ್ನೇಹಿತನ ಮಗ. ನಮ್ಮಪ್ಪ ಸಾಯೋವರೆಗೂ ನಿಮ್ಮ ಮಾವನಿಗೆ ಕೆರೆ ಏರಿ ಕಡೆ ಹೋಗಬೇಡ ಅಂತಲೇ ಇದ್ದರು, ನೀನಿದ್ದೆಯಲ್ಲ, ಪುಣ್ಯ ಎಂದ. ಜುಂಜೇಶ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಬೈಕು ಹೋದ ಮೇಲೂ ಅಲ್ಲೇ ನಿಂತಿದ್ದ. ಇವತ್ತು ಹೆಂಡತಿಗೆ ಹೇಳಿಬಿಡಬೇಕು ಅನ್ನಿಸಿದ್ದು ಅಲ್ಲಿ.

ಗಂಗಲಕ್ಷ್ಮಿ ಅಡುಗೆಮನೆಯಲ್ಲಿ ತುರಿಯುವ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಮಗಳು ಪಡಸಾಲೆಯಲ್ಲಿ ತಾತನಿಗೆ ಮಗ್ಗಿ ಒಪ್ಪಿಸುತ್ತಿದ್ದಳು. ಅವನು ಬಾಗಿಲ ಹತ್ತಿರ ನೆಲದ ಮೇಲೆ ಕೂತ. ನೀರಿಗೆ ತಕ್ಷಣ ಹಾರಲಿಲ್ಲ ಕಣೇ, ನಿಂತಿದ್ದೆ ಎಂದ. ತುರಿಯುವ ಕೈ ನಿಲ್ಲಲಿಲ್ಲ.

"ಗೊತ್ತು," ಎಂದಳು. "ಅಪ್ಪ ಅವತ್ತೇ ಹೇಳಿದ್ರು."

ಭಾನುವಾರದಿಂದ ಅವಳು ಅವನಿಗೆ ಬಿಸಿ ಮುದ್ದೆ ಇಕ್ಕಿದ್ದಳು, ತುಪ್ಪ ಹಾಕಿದ್ದಳು, ಒದ್ದೆ ಅಂಗಿ ಒಗೆದು ಇಸ್ತ್ರಿ ಮಾಡಿಟ್ಟಿದ್ದಳು, ಅಕ್ಕಿಯ ಡಬ್ಬಿಯಿಂದ ಮೊಬೈಲು ತೆಗೆದು ಬಂದವರಿಗೆಲ್ಲ ತೋರಿಸಿದ್ದಳು. ಅವನು ಅವಳ ಬೆನ್ನನ್ನೇ ನೋಡಿದ. ಹಾಗಾದರೆ ಊರಿಗೆಲ್ಲ ಯಾಕೆ ಹಾಗೆ ಹೇಳುತ್ತಿದ್ದಾರೆಂದು ಕೇಳಿದ.

"ನಾನೂ ಅದನ್ನೇ ಕೇಳ್ದೆ," ಎಂದಳು. "ಅದಕ್ಕೆ ಅಪ್ಪ, ಬಾವೀಲಿ ಈಜು ಕಲ್ತೋನು, ತುಂಬಿದ ಕೆರೆ ನೋಡಿ ಕಾಲು ಬಂದಿಲ್ಲ ಪಾಪ, ಹೆದರಿ ನಿಂತ್ಬುಟ್ಟ. ಆದ್ರೂ ಹೆದ್ರಿಕೆ ನುಂಗ್ಕೊಂಡು ಬಂದನಲ್ಲ. ನಿಂತಿದ್ದ ಅಂತ ಗೊತ್ತಾದ್ರೆ ಜನ ಆಡ್ಕೊಂತಾರೆ, ಯಾರ್ ಮುಂದೆನೂ ಅನ್ಬೇಡ ಅಂದ್ರು. ಇಷ್ಟು ವರ್ಷ ನಾನೇ ಜಾಸ್ತಿ ಆಡ್ಕೊಂಡೆ ಅಂತಾನೂ ಅಂದ್ರು."

ಪಡಸಾಲೆಯಲ್ಲಿ ಏಳರ ಮಗ್ಗಿ ಮುಗಿದು ಎಂಟರದು ಶುರುವಾಗಿತ್ತು. ಎಂಟು ಆರಲಿ ಎಷ್ಟು ಎನ್ನುವಲ್ಲಿ ಮಗಳು ನಿಂತಳು, ಮಾವ ಗದರದೆ ಕಾದರು. ಇಲ್ಲಿಗೇ ನಿಲ್ಲಿಸಬಹುದು ಎಂದು ಜುಂಜೇಶನಿಗೆ ಅನ್ನಿಸಿತು. ಹೆದರಿದ್ದೆ ಎಂದರೆ ಮುಗಿಯಿತು. ಒಬ್ಬ ಮುದುಕ ಅವನಿಗಾಗಿ ಹೊಲಿದಿಟ್ಟ ಅಂಗಿಯ ಹಾಗಿತ್ತು ಆ ಮಾತು, ತೊಟ್ಟುಕೊಂಡರೆ ಸಾಕು. ತೊಟ್ಟುಕೊಳ್ಳಲು ಆಗಲಿಲ್ಲ. ಹೆದರಿರಲಿಲ್ಲ, ಮೀನು ಬಿಡಿಸುತ್ತಿದ್ದೆ ಎಂದ. ಎರಡು ಮೀನು. ಕೈ ಒದ್ದೆ ಮಾಡಿಕೊಂಡು ಹೇಗೆ ಬಿಡಿಸಿದನೆಂದೂ ಹೇಳಿದ, ಬಕೆಟ್ಟಿಗೆ ಬಿಟ್ಟಿದ್ದು, ದಾರ ಸುತ್ತಿಟ್ಟಿದ್ದು, ಎಲ್ಲವನ್ನೂ, ದನಿ ಏರಿಸದೆ, ಲೆಕ್ಕ ಒಪ್ಪಿಸುವವನ ಹಾಗೆ.

ಈಗ ತುರಿಯುವ ಕೈ ನಿಂತಿತು. ಅವಳು ಕಾಯಿಹೋಳನ್ನು ತಟ್ಟೆಗಿಟ್ಟಳು. ತಿರುಗಿ ನೋಡಲಿಲ್ಲ. ಅಳುತ್ತಾಳೆಂದು ಅವನು ಕಾದ, ಬೈಯುತ್ತಾಳೆಂದು ಕಾದ. ಬೈದರೆ ಅವಳ ಕಾಲು ಹಿಡಿಯಲು ಸಿದ್ಧನಿದ್ದ.

"ಅದನ್ನ ಅಪ್ಪಂಗೆ ಹೇಳ್ಬೇಡಿ," ಎಂದಳು ಕೊನೆಗೆ. "ಯಾವತ್ತೂ ಹೇಳ್ಬೇಡಿ."

ಆಮೇಲೆ ಹೋಳನ್ನು ಮತ್ತೆ ಕೈಗೆ ತೆಗೆದುಕೊಂಡಳು. ತುರಿದು ಮುಗಿಸಿ, ಒಲೆಯ ಮೇಲಿದ್ದ ಸಾರಿಗೆ ಹಾಕಿ, ಎಲ್ಲರಿಗೂ ಬಡಿಸಿದಳು. ಅವನಿಗೂ ಬಡಿಸಿದಳು, ತುಪ್ಪದ ಗಿಂಡಿಯನ್ನು ಅವನ ಮುಂದೆ ಇಟ್ಟು ಹೋದಳು, ತಾನು ಹಾಕಲಿಲ್ಲ. ಮಲಗುವ ಹೊತ್ತಿಗೆ ಮಗಳನ್ನು ನಡುವೆ ಮಲಗಿಸಿಕೊಂಡಳು. ಬೆಳಿಗ್ಗೆ ಅಪ್ಪ ಕೆರೆಗೆ ಹೋಗಬೇಕಂತೆ, ನಿಮ್ಮನ್ನೇ ಕರೆದುಕೊಂಡು ಹೋಗಲು ಹೇಳಿದ್ದಾರೆ ಎಂದಷ್ಟೇ ಅಂದಳು. ಬೇಡವೆನ್ನಲು ಅವನಿಗೆ ಯಾವ ಕಾರಣವೂ ಉಳಿದಿರಲಿಲ್ಲ.

ಮಾವ ಏರಿಯ ಮೇಲೆ ನಿಧಾನವಾಗಿ ನಡೆದರು. ದಾರಿಯುದ್ದಕ್ಕೂ ಬಸ್ಸಿನ ಕತೆ ಹೇಳಿದರು, ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಒಂದು ಸಲ ಬ್ರೇಕು ಹಿಡಿಯದೆ ಹೋದಾಗ ಅರವತ್ತು ಜನರನ್ನು ಕೂರಿಸಿಕೊಂಡು ತಾನು ಸ್ಟೇರಿಂಗ್ ಹಿಡಿದವನು ಹಿಡಿದ ಹಾಗೇ ಕಲ್ಲಾಗಿದ್ದನ್ನು, ಕರಿಬಸವಯ್ಯ ಹಿಂದಿನಿಂದ ಕೂಗಿದ ಮೇಲೆ ಎಚ್ಚರವಾದದ್ದನ್ನು. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ ಎಂದರು. ಯಾಕೆ ಹೇಳುತ್ತಿದ್ದಾರೆಂದು ಜುಂಜೇಶನಿಗೆ ತಿಳಿಯಿತು. ಕೆರೆಯ ಮೇಲೆ ತೆಳ್ಳನೆಯ ಮಂಜು ಇತ್ತು, ಆಚೆ ದಡದ ತೆಂಗುಗಳು ಬುಡವಿಲ್ಲದೆ ನಿಂತಂತೆ ಕಾಣುತ್ತಿದ್ದವು.

ಮಾವ ಅದೇ ಚಪ್ಪಡಿಯ ಮೇಲೆ ಕೂತರು. ಬೇರೆ ಕಡೆ ಕೂರೋಣ ಎಂದು ಅವನು ಹೇಳಿದ್ದಕ್ಕೆ, ಇಲ್ಲೇ ಕೂರಬೇಕು ಕಣಪ್ಪ, ಇಲ್ಲದಿದ್ದರೆ ಇಬ್ಬರಿಗೂ ಇದು ಹೋಗೋದಿಲ್ಲ ಎಂದರು. ಅವನ ಕಡೆ ಬೆನ್ನು ಮಾಡಿ, ಕಾಲು ಇಳಿಬಿಟ್ಟು, ಎರಡು ಕೈಯನ್ನೂ ಕಲ್ಲಿನ ಮೇಲೆ ಊರಿ ಕೂತರು. ಅಂಗಿಯ ಒಳಗೆ ಬೆನ್ನುಹುರಿಯ ಒಂದೊಂದು ಗಂಟೂ ಕಾಣುತ್ತಿತ್ತು. ಜುಂಜೇಶ ತನ್ನ ಜಾಗಕ್ಕೆ ಹೋಗಲಿಲ್ಲ. ಕೋಲನ್ನು ಏರಿಯ ಮೇಲೆ ಮಡಚಿಟ್ಟು, ಪಂಚೆ ಮೇಲಕ್ಕೆ ಕಟ್ಟಿ, ನೀರಿಗೆ ಇಳಿದ. ಕೆಸರು ತಣ್ಣಗೆ ಹಿಮ್ಮಡಿ ಹಿಡಿದು ಎಳೆಯಿತು. ಒಂದೊಂದೇ ಹೆಜ್ಜೆಯಿಟ್ಟು ಹೋಗಿ ಚಪ್ಪಡಿಯ ಮುಂದೆ, ಮಾವನಿಗೂ ಆಳಕ್ಕೂ ನಡುವೆ ನಿಂತ. ನೀರು ಸೊಂಟದವರೆಗೆ ಬಂತು.

"ಅಲ್ಲಿ ನಿಂತ್ರೆ ಪಕ್ಕೆ ಬರಲ್ಲ ಕಣಪ್ಪ," ಎಂದರು ಮಾವ.

"ಬರದಿದ್ರೆ ಬುಡಿ ಮಾವ."

ಅವರು ಅವನನ್ನು ನೋಡಿದರು. ಮುಖದಲ್ಲಿ ಒಂದು ಮೆಚ್ಚುಗೆ ನಿಧಾನವಾಗಿ ಮೂಡಿತು, ಹನ್ನೊಂದು ವರ್ಷ ಅವನು ಬಯಸಿದ್ದ ಮೆಚ್ಚುಗೆ. ಮುಂದಕ್ಕೆ ಬಾಗಿ, ಬಲಗೈ ಚಾಚಿ, ಅವನ ಭುಜವನ್ನು ಹಿಡಿದುಕೊಂಡರು.

"ಹೆದರ್ಕೋಬೇಡ," ಎಂದರು, ಬಸ್ಸು ಓಡಿಸಿದ ದನಿಯನ್ನು ಹೇಗೋ ತಗ್ಗಿಸಿಕೊಂಡು. "ನಾನಿದೀನಿ."

ಜುಂಜೇಶ ತಲೆಯಾಡಿಸಿದ. ಭುಜದ ಮೇಲಿನ ಕೈ ಹಗುರಾಗಿತ್ತು. ಅವನು ಅಲುಗಾಡದೆ ನಿಂತ, ಬಿಸಿಲು ಏರಿ ಮಂಜು ಪೂರ್ತಿ ಹೋಗುವವರೆಗೂ, ಮಾವ ಇನ್ನು ಸಾಕು, ನಡಿ ಮನೆಗೆ ಎನ್ನುವವರೆಗೂ.